ಅಳಿಯನಿಗೆ ಬೈದು ಬಂದೆ

ಮಕ್ಕಳೇ, ನಿಮ್ಮ ಅಜ್ಜಿ ಮೊನ್ನೆ ಬೇಗೂರಿನಲ್ಲಿ ತುಂಬಿದ ಸಭೆಯ ಮುಂದೆ ಒಬ್ಬ ಹುಡುಗನಿಗೆ ಬಾಯಿಗೆ ಬಂದಂತೆ ಬೈದು ಬಂದಳು. ನೀವು ನಂಬುವುದಿಲ್ಲ, ಗೊತ್ತು. ಹಾಲಿನವನು ನೀರು ಬೆರೆಸಿದರೂ ಕೇಳದವಳು ನಾನು.

ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ, ಪಾದ್ರಿಯಾಗಿದ್ದ ನಿಮ್ಮ ತಾತನ ಕೈಹಿಡಿದು, ಒರಿಸ್ಸಾದ ಗುಡ್ಡಗಳಿಗೆ ಹೋದೆ. ನಮ್ಮ ಆಯುಷ್ಯದ ಸೇವೆಯೆಲ್ಲ ಅಲ್ಲೇ. ತಾತ ಬೋಧಿಸುತ್ತಿದ್ದರು, ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಆ ಜನರ ಭಾಷೆ ನನಗೆ ತಾತನಿಗಿಂತ ಚೆನ್ನಾಗಿ ಬಂತು. ಆದರೂ ಸೂಜಿ ದಾರದ ಆಚೆಗೆ ಮಾತಾಡಿದವಳಲ್ಲ. ಹೆಂಗಸರು ನನಗೆ ಮೂಗಿ ಅಮ್ಮ ಎಂದೇ ಹೆಸರಿಟ್ಟಿದ್ದರು.

ಅಲ್ಲೊಂದು ಪದ್ಧತಿ. ಮದುವೆಯ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯ ತಾಯಿ ಚರ್ಚಿನ ಬಾಗಿಲಿಗೆ ಅಡ್ಡ ನಿಂತು ಅಳಿಯನಿಗೆ ಬೈಯಬೇಕು. ಎಷ್ಟು ಖಾರವಾಗಿ ಬೈದರೆ ಮಗಳು ಅಷ್ಟು ಪ್ರೀತಿಯವಳು. ನಾವು ಹೋದ ಹೊಸದರಲ್ಲಿ ತಾತ ಇದನ್ನು ನೋಡಿ ಗಾಬರಿಯಾಗಿ, ದೇವರ ಮನೆಯ ಬಾಗಿಲಲ್ಲಿ ಬೈಗುಳ ಕೂಡದು ಎಂದು ಬೋಧಿಸಿಬಿಟ್ಟರು. ಮುಂದಿನ ಮದುವೆಯಲ್ಲಿ ತಾಯಿ ಸುಮ್ಮನೆ ದಾರಿ ಬಿಟ್ಟಳು. ಮದುಮಗಳು ಹೆಜ್ಜೆ ಇಡದೆ ಅಲ್ಲೇ ಕೂತು ಅತ್ತಳು. ತನ್ನನ್ನು ಯಾರಿಗೂ ಬೇಡದವಳಂತೆ ತಳ್ಳಿದರು ಎಂದು. ಮರುವಾರ ತಾತ ಅದೇ ಪೀಠದಲ್ಲಿ ನಿಂತು, ಬೈಯಿರಿ, ನನಗೆ ತಿಳಿಯಲಿಲ್ಲ ಎಂದರು. ಅವರ ಬೋಧನೆಗಳಲ್ಲಿ ನನಗೆ ಇವತ್ತಿಗೂ ಇಷ್ಟವಾದದ್ದು ಅದೇ.

ಮೊನ್ನೆ ಮದುವೆಯಾದದ್ದು ಆ ಗುಡ್ಡದ ಹುಡುಗಿ. ಬಿಟಿಎಂ ಲೇಔಟಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಅವಳ ತಾಯಿ ಹೊಲಿಗೆ ಕಲಿತದ್ದು ನನ್ನ ಹತ್ತಿರ, ಈಗಿಲ್ಲ. ಹುಡುಗನೂ ಅದೇ ಸೀಮೆಯವನು, ಜೆಪಿ ನಗರದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಅವನ ಕಡೆಯ ಹಿರಿಯರು ರೈಲು ಹತ್ತಿ ಬಂದಿದ್ದರು. ಹುಡುಗಿ ಜಯನಗರದ ನಮ್ಮ ಮನೆಗೆ ಬಂದು ನನ್ನ ಕಾಲ ಹತ್ತಿರ ಕೂತಳು.

"ಯಾರೂ ಬೈದಿಲ್ಲ ಅಂದ್ರೆ ಅವರ ಸೋದರತ್ತೆ ನಾನು ಸಾಯೋವರೆಗೂ ಅಂತಾರೆ, ಇವಳು ದಿಕ್ಕಿಲ್ಲದವಳು ಅಂತ. ನೀವು ಬೈತೀರಾ ಅಮ್ಮ?"

ಹೂಂ ಎಂದುಬಿಟ್ಟೆ. ಆಮೇಲೆ ಊಟ ಸೇರಲಿಲ್ಲ.

ಆಟೋದಲ್ಲಿ ದಾರಿಯುದ್ದಕ್ಕೂ ತುಟಿಯಲ್ಲೇ ಬೈದು ಬೈದು ನೋಡಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ನನಗಲ್ಲ ತಾನೆ ಅಜ್ಜಿ?" ಎಂದ. ಅಳಿಯನಿಗಪ್ಪ ಎಂದೆ. "ಹಂಗಾದ್ರೆ ಜೋರಾಗೇ ಬೈರಿ, ನನ್ನತ್ತೆ ಪ್ರಾಕ್ಟೀಸೇ ಮಾಡಲ್ಲ" ಎಂದ.

ಬೇಗೂರಿನಲ್ಲಿ ಅಂಗಡಿಯೊಂದರ ಮಹಡಿಯ ಮೇಲೆ ಅವರ ಪ್ರಾರ್ಥನಾ ಹಾಲ್. ಆಶೀರ್ವಾದ ಮುಗಿಯಿತು. ನಾನು ಬಾಗಿಲಿಗೆ ಹೋಗಿ ನಿಂತೆ. ಹುಡುಗ ತಲೆ ತಗ್ಗಿಸಿ ಎದುರು ನಿಂತ. ಆಟೋದಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ಹಿಂದೆ ಅವನ ಸೋದರತ್ತೆ, ಗಟ್ಟಿಗಿತ್ತಿ ಮುದುಕಿ, ಕೈಕಟ್ಟಿ ಕಾಯುತ್ತಿದ್ದಳು. ಹುಡುಗಿಯ ಮುಖ ಬಾಡತೊಡಗಿತು. ಅದನ್ನು ನೋಡಿದೆ ನೋಡಿ, ಎಲ್ಲಿಂದಲೋ ಅವರ ಭಾಷೆ ಉಕ್ಕಿ ಬಂತು.

"ಏ ಕೊರಡು! ಊರಿಗೆಲ್ಲ ದೋಸೆ ಹುಯ್ತೀಯಂತೆ, ಮನೇಲಿ ತಿಂದ ತಟ್ಟೆ ತೊಳೀತೀಯಾ? ಈ ಮುಖಕ್ಕೆ ನನ್ನ ಮಗಳು ಬೇಕಾ?"

ಜನ ಹೋ ಎಂದರು. ನಾನು ನಿಲ್ಲಲಿಲ್ಲ. ಅವರ ಭಾಷೆಯ ಬೈಗುಳ ಮುಗಿದುಹೋದಾಗ ನನ್ನೂರಿನ ಕನ್ನಡ ಶುರುವಾಯಿತು. ಮೂದೇವಿ, ಸೋಂಬೇರಿ, ಅಡ್ಕಸಬಿ, ಅವಳ ಕಣ್ಣಲ್ಲಿ ನೀರು ತರಿಸಿದರೆ ಬಸ್ಸು ಹತ್ತಿ ಬಂದು ಹೋಟೆಲಿನ ಮುಂದೆಯೇ ಮಾನ ಕಳೆಯುತ್ತೇನೆ ಎಂದೆಲ್ಲ. ಅತ್ತೆಗೆ ಕನ್ನಡ ಬಾರದು. ಏನಂದಳು, ಏನಂದಳು ಎಂದು ಹುಡುಗನ ತೋಳು ತಿವಿದಳು. ಪಾಪ, ತನಗೆ ಬಿದ್ದ ಬೈಗುಳವನ್ನೆಲ್ಲ ಅವನೇ ಒಂದೊಂದಾಗಿ ಅವರ ಭಾಷೆಗೆ ತಂದು ಗಟ್ಟಿಯಾಗಿ ಒಪ್ಪಿಸಿದ.

ಮುದುಕಿ ಕೇಳಿ, ತಲೆದೂಗಿ, ಹುಡುಗಿಗೆ ತಾಯಿ ಇದ್ದಾಳೆ ಎಂದು ತನ್ನವರಿಗೆ ಹೇಳಿದಳು.

ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಸಾಕೇನೇ ಎಂದು ಹುಡುಗಿಯನ್ನು ಕೇಳಿದೆ. ಅವಳು ಅಳುತ್ತ ನಗುತ್ತಿದ್ದಳು.

"ಇನ್ನೊಂದು ಸ್ವಲ್ಪ, ಅಮ್ಮ."

ಬೈದೆ.