ಸೆಟ್ಟಿಂಗ್ಸ್‌ನಲ್ಲಿ ನನ್ನ ನಂಬರು

ನಾನೊಂದು ಕಳ್ಳತನ ಮಾಡಿದ್ದೇನೆ. ತೆಂಗಿನಕಾಯಿ ಕದ್ದಿಲ್ಲ, ತಿಪಟೂರು ಸೀಮೆಯಲ್ಲಿ ಅದು ಯಾರಿಗೂ ಜೀರ್ಣವಾಗುವುದಿಲ್ಲ. ನಾನು ಕದ್ದದ್ದು ಫೋನ್ ಕರೆಗಳನ್ನು.

ಇಲ್ಲಿನ ತೆಂಗು ಬೆಳೆಗಾರರ ಸಂಘದಲ್ಲಿ ನಾನು ಗುಮಾಸ್ತ. ಕೋಡ್ ಬರೆಯಲು ಬಾರದವರೂ ಸಿದ್ಧ ತುಂಡುಗಳನ್ನು ಜೋಡಿಸಿ ಆ್ಯಪ್ ಮಾಡಬಹುದೆಂದು ನಮಗೆ ಎರಡು ದಿನ ತರಬೇತಿ ಕೊಟ್ಟರು. ಹುಮ್ಮಸ್ಸಿನಲ್ಲಿ ಮೂರು ಮಾಡಿಬಿಟ್ಟೆ: ಕಾಯಿ ಕೀಳುವವರನ್ನು ಕರೆಸಲು ಒಂದು, ಸುಲಿಯುವವರಿಗೆ ಒಂದು, ಸಾಗಿಸುವ ಗಾಡಿಗೆ ಒಂದು. ವಾರದ ರಜೆ, ಊರುಗಳ ಪಟ್ಟಿ, ಸಹಾಯದ ನಂಬರು ಇವೆಲ್ಲ ಮೂರಕ್ಕೂ ಬೇಕು. ಅವನ್ನು ಮೂರು ಕಡೆ ಬರೆಯದೆ ಸೆಟ್ಟಿಂಗ್ಸ್ ಎಂಬ ಒಂದೇ ಕಡೆ ಇಡಬೇಕಂತೆ. ಕೂಡುಕುಟುಂಬದ ಉಪ್ಪಿನ ಜಾಡಿ ಅನ್ನಿ. ಯಾರೋ ಒಬ್ಬ ಅದಕ್ಕೆ ಸಕ್ಕರೆ ಸುರಿದರೆ ಮನೆಮಂದಿಯ ಸಾರೆಲ್ಲ ಪಾಯಸ.

ನಾನೂ ಸುರಿದೆ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಭಕ್ತಿಯಲ್ಲಿ ರಜೆಯನ್ನು ಭಾನುವಾರದಿಂದ ಸೋಮವಾರಕ್ಕೆ ಸರಿಸಿದೆ. ಸೋಮವಾರ ಬಂದದ್ದೇ ಮೂರು ಆ್ಯಪುಗಳೂ ಒಟ್ಟಿಗೆ ಬಾಗಿಲು ಹಾಕಿಕೊಂಡವು. ಡೀಸೆಲ್ ಗಾಡಿಗೆ ಯಾವ ನೊಗವಪ್ಪಾ ಎಂದು ಸಂಘವೆಲ್ಲ ನಕ್ಕಿತು.

ಸಹಾಯದ ನಂಬರಿನ ಜಾಗದಲ್ಲಿ, ಪರೀಕ್ಷೆಗೆಂದು, ನನ್ನ ಮೊಬೈಲ್ ನಂಬರು ಹಾಕಿದ್ದೆ. ತೆಗೆಯಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನ್ನ ಫೋನಿಗೆ ಬರುತ್ತಿದ್ದದ್ದು ರೀಚಾರ್ಜ್ ಮುಗಿಯಿತೆಂಬ ಸಂದೇಶ ಮಾತ್ರ. ಈಗ ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ದಿನವಿಡೀ ಕರೆ. ಎಲ್ಲಿ ಒತ್ತಬೇಕೆಂದು ಕೇಳಿದವರು ತಿಂಡಿ ಆಯ್ತಾ ಎಂದೂ ಕೇಳುತ್ತಿದ್ದರು. ಒಬ್ಬನೇ ಕೂತು ತಿಂದ ಉಪ್ಪಿಟ್ಟೂ ಹಾಗೆ ಯಾರಾದರೂ ವಿಚಾರಿಸಿದರೆ ಮೈಗೆ ಹತ್ತುತ್ತದೆ. "ಆಪೀಸ್ ನಂಬರ್ ಹಾಕ್ರೀ, ಕಮಲಮ್ಮ ಎತ್ತುತಾರೆ" ಎಂದು ಕಾರ್ಯದರ್ಶಿಗಳು ಹೇಳಿದಾಗಲೆಲ್ಲ ಸರ್ವರ್ ನಿಧಾನ ಎಂದೆ. ಪಾಪದ ಸರ್ವರ್!

ಹೋದ ವಾರ ಶೆಟ್ಟಿಕೆರೆಯ ಸಿದ್ದಪ್ಪನವರ ಹಸು ಕರು ಹಾಕಿದ ಕಥೆಯನ್ನು ಫೋನಿನಲ್ಲಿ ಕೇಳುತ್ತಿದ್ದೆ. ಅದೇ ಹೊತ್ತಿಗೆ ದಂಡಿನಶಿವರದ ರಂಗಮ್ಮನವರ ತೋಟಕ್ಕೆ ಹೊರಟ ಕಾಯಿ ಕೀಳುವವರು ದಾರಿ ತಪ್ಪಿ, ಸಹಾಯದ ನಂಬರೂ ಸಿಗದೆ ವಾಪಸ್ ಹೋದರು. ಸಂಜೆ ಆಕೆ ಸಂಘಕ್ಕೇ ಬಂದರು.

"ಅರ್ಧ ಗಂಟೆ ಒತ್ತಿದೀನಿ ಕಣಣ್ಣ, ಬರೀ ಬಿಜಿ. ಪಾಪ, ಯಾರ್ ಕಷ್ಟ ಕೇಳ್ತಿದ್ರೋ ಅಂತ ಸುಮ್ಕಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೆಯ ಬೆಳಿಗ್ಗೆ ನನ್ನ ನಂಬರು ತೆಗೆದು ಆಪೀಸಿನದು ಹಾಕಿದೆ. ಒಂದೇ ಕಡೆ, ಒಂದೇ ಸಲ. ಮೂರು ಆ್ಯಪುಗಳಿಂದಲೂ ಒಟ್ಟಿಗೆ ಹೊರಬಿದ್ದೆ. ಮೂರು ಕಡೆ ಬರೆದಿದ್ದರೆ ಎಲ್ಲಾದರೂ ಒಂದು ಕಡೆ ಮರೆತು ಉಳಿದಿರುತ್ತಿದ್ದೆನೇನೋ. ಅಚ್ಚುಕಟ್ಟಾಗಿ ಕೆಲಸ ಮಾಡಿದವನಿಗೆ ಆ ಭಾಗ್ಯವೂ ಇಲ್ಲ.

ನಿನ್ನೆ ರಜೆ ಹಾಕಿ ಮನೆಯಲ್ಲಿದ್ದೆ. ಫೋನು ಸುಮ್ಮನೆ ಬಿದ್ದಿತ್ತು. ಬೇಜಾರು ತಡೆಯಲಾರದೆ ಆ್ಯಪ್ ತೆರೆದು ಸಹಾಯದ ಗುಂಡಿ ಒತ್ತಿದೆ. ಆಪೀಸಿನಲ್ಲಿ ಕಮಲಮ್ಮ ಎತ್ತಿದರು.

"ನಂಬರು ಸರಿಯಾಗಿ ಕೂತಿದೆಯಾ ಅಂತ ನೋಡಿದೆ ಕಣಮ್ಮ."

"ಬೆಳಿಗ್ಗೆಯಿಂದ ಮೂರು ಸಲ ನೋಡಿದ್ರಲ್ಲಣ್ಣ, ಸರಿಯಾಗೇ ಐತೆ" ಎಂದರು. ಆಮೇಲೆ ದನಿ ತಗ್ಗಿಸಿ, "ಈ ಲೈನ್ ಬುಡಿ, ಯಾರಾದ್ರೂ ಮಾಡ್ತಿರ್ತಾರೆ. ಸಂಜೆ ಆಪೀಸ್ ಮುಗುದ್ಮೇಲೆ ನಾನೇ ಮಾಡ್ತೀನಿ, ನನ್ ನಂಬರಿಂದ" ಎಂದರು.

ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ನಾನು ಆಗಲೇ ಫೋನು ಚಾರ್ಜಿಗೆ ಹಾಕಿದೆ.