ಕೆಳಗಿನಕ್ಕ, ಮೇಲಿನಕ್ಕ ಮತ್ತು ನಡುವಿನ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನದಿ ದಂಡೆಯ ಪಂಪ್‌ಹೌಸಿನಲ್ಲಿ ಮೋಟರುಗಳು ಮೊರೆಯುತ್ತಿವೆ. ಪಕ್ಕದಲ್ಲಿ ನಿಂತವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದಷ್ಟು ಸದ್ದು. ಮೂಲೆಯ ಗಾಜಿನ ಕೋಣೆಯಲ್ಲಿ, ಸ್ವೆಟರಿನ ತೋಳು ಮೇಲೆ ಸರಿಸಿಕೊಂಡು, ಮಧ್ಯವಯಸ್ಸಿನ ಹೆಂಗಸೊಬ್ಬರು ಓಬೀರಾಯನ ಕಾಲದ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಅದಕ್ಕೆ ಮೌಸ್ ಇಲ್ಲ, ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ತೆರೆ, ಮಿಣುಕುವ ಹಸಿರು ಚುಕ್ಕೆ, ಅಷ್ಟೇ. ಆಕೆ ಒಂದು ಸಾಲು ಆಜ್ಞೆ ಟೈಪ್ ಮಾಡಿ ಕಾಯುತ್ತಾರೆ. ತೆರೆಯ ನಡುವೆ ಅಡ್ಡಗೆರೆ ಮೂಡುತ್ತದೆ. ಗೆರೆಯ ಮೇಲೆ ಇವರ ಮಾತು, ಕೆಳಗೆ ಅತ್ತಲಿನವರ ಮಾತು.

"ಎದ್ದಿದೀರಾ ಅಕ್ಕ?" ಎಂದು ಇವರು ಬರೆಯುತ್ತಾರೆ.

ಗೆರೆಯ ಕೆಳಗೆ ಒಂದೊಂದೇ ಅಕ್ಷರ ಬೀಳುತ್ತದೆ. "ಎದ್ದು ಎಷ್ಟೊತ್ತಾಯ್ತು. ವಾಲ್ವ್ ತೆಗ್ದಿದೀನಿ, ನೀರು ಬಿಡಿ. ಟೀ ಆಯ್ತಾ?"

ಊರಿನ ನಲ್ಲಿಗಳಿಗೆ ಬೆಳಗಿನ ನೀರು ಬರುವುದು ಈ ಎರಡು ಮಾತು ಆದ ಮೇಲೆಯೇ. ಅತ್ತ ಕೂತವರು ಒಂಬತ್ತು ಕಿಲೋಮೀಟರ್ ಆಚೆ, ಗುಡ್ಡದ ಮೇಲಿನ ದೊಡ್ಡ ಟ್ಯಾಂಕು ಕಾಯುವ ಆಪರೇಟರ್. ಅವರು 'ಹೂಂ' ಅನ್ನದೆ ಇವರು ಪಂಪಿನ ಗುಂಡಿ ಒತ್ತುವಂತಿಲ್ಲ. ಇಲಾಖೆಯಲ್ಲಿ ಇವರು ಕೆಳಗಿನಕ್ಕ, ಅವರು ಮೇಲಿನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುತ್ತಾರೆ. ಯಾರು ದೊಡ್ಡವರು ಎಂಬ ಪ್ರಶ್ನೆ ಎತ್ತಿದರೆ ಇಬ್ಬರಿಗೂ ಸಿಟ್ಟು ಬರುತ್ತದಂತೆ.

ಮೋಟರಿನ ಗದ್ದಲದಲ್ಲಿ ಫೋನು ಕೇಳಿಸದು ಎಂದು ಇಲಾಖೆಯ ಯಾರೋ ಪುಣ್ಯಾತ್ಮರು ಎಲ್ಲ ಪಂಪು, ಟ್ಯಾಂಕು ಠಾಣೆಗಳ ಕಂಪ್ಯೂಟರುಗಳಿಗೂ ತಂತಿ ಎಳೆಸಿ, ಟೈಪ್ ಮಾಡಿ ಮಾತಾಡುವ ಈ ಏರ್ಪಾಡು ಮಾಡಿದರು. ಅದಾಗಿ ಹತ್ತೊಂಬತ್ತು ವರ್ಷ. ಇಂಗ್ಲಿಷ್ ಅಕ್ಷರದಲ್ಲಿ ಮನೆಮಾತು ಬರೆಯುವ ಇವರು ಈಗ ಕೀಲಿಮಣೆ ನೋಡುವುದೇ ಇಲ್ಲ. ಈ ಏರ್ಪಾಡಿನಲ್ಲಿ ಒಂದು ವಿಚಿತ್ರವಿದೆ. ಬರೆದು, ತಿದ್ದಿ, ಆಮೇಲೆ ಕಳಿಸುವ ಹಾಗಿಲ್ಲ. ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಅತ್ತ ಕಾಣುತ್ತದೆ. ತಡವರಿಸಿದ್ದೂ ಕಾಣುತ್ತದೆ, ಬರೆದು ಅಳಿಸಿದ್ದೂ ಕಾಣುತ್ತದೆ.

"ಅವ್ರ ತಾಯಿ ತೀರ್ಕೊಂಡ ವಾರ 'ಚೆನ್ನಾಗಿದೀನಿ' ಅಂತ ಬರೆದ್ರು," ಎನ್ನುತ್ತಾರೆ ಕೆಳಗಿನಕ್ಕ. "ಅಷ್ಟು ಬರೆಯೋಕೆ ಎಷ್ಟು ಹೊತ್ತು ತಗೊಂಡ್ರು ಅಂತೀರಾ! ನಾನೂ ಏನೂ ಕೇಳ್ಲಿಲ್ಲ. ಕೂತ್ಕೊಂಡು ಬರೀ ಚುಕ್ಕಿ ಒತ್ತುತಾ ಇದ್ದೆ. ಇದೀನಿ ಅಂತ ಗೊತ್ತಾಗ್ಲಿ ಅಂತ."

ಇಷ್ಟು ಹತ್ತಿರದವರು ಒಮ್ಮೆಯೂ ಮುಖ ನೋಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕೆಲಸದ ಕಟ್ಟಳೆಯೇ ಹಾಗಿದೆ. ಇಲ್ಲಿ ಪಂಪು ಓಡುವಾಗ ಅಲ್ಲಿ ಟ್ಯಾಂಕಿಗೆ ಕಾವಲಿರಬೇಕು. ಈ ಹಳೇ ಯಂತ್ರ ಬಲ್ಲ ಬದಲಿ ಆಳು ಇರುವುದು ಒಬ್ಬನೇ. ಹಾಗಾಗಿ ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರು ಕುರ್ಚಿ ಬಿಡುವಂತಿಲ್ಲ. ನೀರಿಗೆ ಭಾನುವಾರವೂ ಇಲ್ಲ. ಕಿಟಕಿಯಾಚೆ ಗುಡ್ಡದ ಟ್ಯಾಂಕು ಬೆಳ್ಳಗೆ ಕಾಣುತ್ತದೆ. ಕೈಗೆಟುಕದ್ದು ಕಣ್ಣಿಗೆ ಮಾತ್ರ ಯಾಕೆ ಕಾಣಬೇಕೋ, ಅವರ ಪಕ್ಕ ನಿಂತು ನಾನೂ ಅದನ್ನೇ ನೋಡಿದೆ.

ಈ ತಿಂಗಳ ಕೊನೆಗೆ ಈ ಮಾತುಕತೆಯೂ ಮುಗಿಯುತ್ತದೆ. ತಾನಾಗಿಯೇ ತೆರೆದು ಮುಚ್ಚುವ ವಾಲ್ವ್ ಬಂದಿದೆ. ಗುಡ್ಡದ ಮೇಲಿನ ಹುದ್ದೆ ರದ್ದು, ಮೇಲಿನಕ್ಕನಿಗೆ ದೂರದ ಜಲಾಶಯಕ್ಕೆ ವರ್ಗ, ಹಳೇ ಕಂಪ್ಯೂಟರು ಗುಜರಿಗೆ. ಆದೇಶ ಬಂದ ದಿನ ಇಬ್ಬರೂ ಆ ಸುದ್ದಿ ಬಿಟ್ಟು ಮಿಕ್ಕೆಲ್ಲ ಮಾತಾಡಿದರಂತೆ.

ಎಡವಟ್ಟು ಆದದ್ದು ಅದರ ಮಾರನೆಯ ಬೆಳಿಗ್ಗೆ. ಒಬ್ಬರನ್ನು ಕರೆಯುವ ಆಜ್ಞೆ ಬೇರೆ, ಎಲ್ಲ ಠಾಣೆಗಳಿಗೂ ಡಂಗುರ ಸಾರುವ ಆಜ್ಞೆ ಬೇರೆ. ಡಂಗುರ ಮಾತ್ರ ಬರೆದು ಮುಗಿಸಿ ಗುಂಡಿ ಒತ್ತಿದ ಮೇಲೆಯೇ ಹೋಗುತ್ತದೆ. 'ಇವತ್ತು ನೀರು ತಡ' ಎಂದು ಸಾರಲು ಕೂತ ಕೆಳಗಿನಕ್ಕ, ಮೋಟರೊಂದು ನಿಂತಾಗ ಬಾರಿಸುವ ಎಚ್ಚರಿಕೆ ಗಂಟೆ ಕೇಳಿ, ಮುಗಿಸದೆ ಎದ್ದು ಓಡಿದರು. ವಾಪಸು ಬಂದು, ಮೇಲಿನಕ್ಕನ ಜೊತೆಗಿನ ತೆರೆಯೇ ಎಂದುಕೊಂಡು ಮನಸ್ಸಿನಲ್ಲಿದ್ದುದನ್ನು ಬರೆದು, ಸಾಲು ಮುಗಿಸುವ ಅಭ್ಯಾಸದಲ್ಲಿ ಗುಂಡಿ ಒತ್ತಿದರು. ಎಂಜಿನಿಯರ್ ಸಾಹೇಬರ ಮೇಜಿನಿಂದ ಹಿಡಿದು ಎಲ್ಲ ತೆರೆಗಳ ಮೇಲೂ ಇಷ್ಟೂ ಮೂಡಿತು: "ಇವತ್ತು ನೀರು ತಡ. ನಿಮ್ಮ ಮುಖ ಒಂದ್ಸಲ ನೋಡ್ದೆ ಹೇಗೆ ಕಳಿಸ್ಕೊಡ್ಲಿ?"

"ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು," ಎಂದು ಈಗ ನಗುತ್ತಾರೆ. "ಸಾಹೇಬ್ರು ಮಾತ್ರ ದೊಡ್ಡ ಮನಸ್ಸು ಮಾಡಿ 'ಎಷ್ಟು ತಡ?' ಅಂತ ನೀರಿನ ಬಗ್ಗೆನೇ ಕೇಳಿದ್ರು."

ಉಳಿದವರು ಸುಮ್ಮನಿರಲಿಲ್ಲ. ನೀರು ಶುದ್ಧ ಮಾಡುವ ಘಟಕದ ಆಪರೇಟರ್ ಗುಟ್ಟಾಗಿ ಬರೆದರು: "ಅಕ್ಕ, ಗುರುವಾರ ನನಗೆ ವಾರದ ರಜೆ. ಮಧ್ಯಾಹ್ನದವರೆಗೆ ನಿಮ್ಮ ಕುರ್ಚೀಲಿ ನಾನು ಕೂತಿರ್ತೀನಿ, ಹೋಗ್ಬನ್ನಿ. ಅವರಿಗೆ ಹೇಳ್ಬೇಡಿ, ಆಶ್ಚರ್ಯ ಆಗ್ಲಿ." ಆ ಗುರುವಾರ ಒಳ್ಳೆಯ ಸೀರೆ ಉಟ್ಟು ಬಂದಿದ್ದ ಕೆಳಗಿನಕ್ಕ, ಬೆಳಗಿನ ನೀರು ಬಿಟ್ಟು, ಊಟದ ಡಬ್ಬಿ ಅಲ್ಲೇ ಇಟ್ಟು, ಬಸ್ಸು ಹಿಡಿದು, ಏದುಸಿರು ಬಿಡುತ್ತ ಗುಡ್ಡ ಹತ್ತಿದರು.

ಟ್ಯಾಂಕಿನ ಕೋಣೆಯಲ್ಲಿ ಕೂತಿದ್ದವರು, ಅದೇ ದಿನ ರಜೆಯಿದ್ದ ನಡುದಾರಿಯ ಪಂಪಿನ ಆಪರೇಟರ್. ಇವರನ್ನು ಕಂಡು ಅವರು ತಲೆ ಚಚ್ಚಿಕೊಂಡರು. "ಅಯ್ಯೋ ಅಕ್ಕ, ನಿಮ್ಗೆ ಆಶ್ಚರ್ಯ ಆಗ್ಲಿ ಅಂತ ಅವ್ರನ್ನ ಆಗ್ಲೇ ನಿಮ್ಹತ್ರ ಕಳಿಸ್ದೆ!"

ಕೆಳಗಿನಕ್ಕ ಅಲ್ಲಿನ ಯಂತ್ರದ ಮುಂದೆ ಕೂತು ಪಂಪ್‌ಹೌಸನ್ನು ಕರೆದರು. ಗೆರೆ ಮೂಡಿತು. ಒಂಬತ್ತು ಕಿಲೋಮೀಟರ್ ಆಚೆ, ಇವರದೇ ಕುರ್ಚಿಯಿಂದ, ಅಕ್ಷರಗಳು ಬಂದವು. ಗೆರೆಯ ಮೇಲೂ ಕೆಳಗೂ ಒಟ್ಟಿಗೇ ಒಂದೇ ಮಾತು ಮೂಡಿತು: "ಅಲ್ಲೇ ಇರಿ, ನಾನು ಬರ್ತೀನಿ." ಮತ್ತೆ ಇಬ್ಬರೂ ಒಟ್ಟಿಗೇ: "ಇಲ್ಲ, ನೀವಿರಿ." ಆ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಯಾರು ಹೊರಟರೂ, ಬದಲಿಗೆ ಬಂದವರು ಹೋದ ಮೇಲೆ, ಮಧ್ಯಾಹ್ನದ ಪಂಪಿಗೆ ಒಂದು ಕುರ್ಚಿ ಖಾಲಿ ಉಳಿಯುತ್ತಿತ್ತು.

"ಅಲ್ಲೇ ಕೂತು ಮಾತಾಡಿದ್ವಿ. ನನ್ನ ಡಬ್ಬಿ ಊಟ ಅವ್ರು ಉಂಡ್ರು, ಅವ್ರದ್ದು ನಾನು ಉಂಡೆ. ಕುರ್ಚಿ ಮೇಲೆ ಹಳೇ ದಿಂಬು, ಒಂದು ಕಡೆ ತಗ್ಗಾಗಿತ್ತು. ಕಿಟಕೀಲಿ ನೋಡಿದ್ರೆ ನನ್ನ ಪಂಪ್‌ಹೌಸು ಬೆಂಕಿಪೊಟ್ಟಣದಷ್ಟು! ಇಷ್ಟು ವರ್ಷ ಅದನ್ನ ನೋಡ್ತಾ ನನ್ಜೊತೆ ಮಾತಾಡಿದಾರೆ ಪಾಪ. ಅವ್ರ ಮುಖ ಸಿಗ್ಲಿಲ್ಲ, ಅವ್ರು ನೋಡಿದ್ದೆಲ್ಲ ನೋಡ್ಕೊಂಡು ಬಂದೆ." ಹೇಳುತ್ತ ಕಣ್ಣು ಒರೆಸಿಕೊಳ್ಳುತ್ತಾರೆ. ಕೇಳುತ್ತ ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನು?

ತಿಂಗಳ ಕೊನೆಗೆ ಯಂತ್ರ ನಿಂತ ಮಾರನೆಯ ದಿನ ಇಬ್ಬರಿಗೂ ಒಟ್ಟಿಗೆ ಬಿಡುವು, ಮೊದಲ ಸಲ. ಅದರ ಮರುದಿನ ಮೇಲಿನಕ್ಕ ಹೊಸ ಜಾಗಕ್ಕೆ ಹೊರಡುತ್ತಾರೆ. ಈ ಬಾರಿ ಯಾರಿಗೂ ಆಶ್ಚರ್ಯ ಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಗುಡ್ಡ ಹತ್ತುವವರು ಇವರೇ.

ಎದುರಿಗೆ ಸಿಕ್ಕಾಗ ಮೊದಲು ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಕೆಳಗಿನಕ್ಕ ಕಿಟಕಿಯಾಚೆಯ ಗುಡ್ಡದತ್ತ ನೋಡುತ್ತಾರೆ.

"ಅದೇ ಭಯ ನೋಡಿ. ಒಂದ್ಸಲ ಮನೆಯಿಂದ ಫೋನ್ ಮಾಡಿದ್ದೆ. ಇಬ್ರೂ 'ಹಲೋ' ಅಂದು ಸುಮ್ನಾಗ್ಬಿಟ್ವಿ, ಯಾರೋ ಹೊರಗಿನವ್ರ ಥರ. ಪರವಾಗಿಲ್ಲ, ಒಂದ್ಸಲ ಪಕ್ಕದಲ್ಲಿ ಕೂತ್ಕೋಬೇಕು, ಅಷ್ಟೆ. ಮಾತು ಬರ್ದಿದ್ರೆ ಬೇಡ ಬಿಡಿ. ಮಾತು ನಾವು ಬೇಕಾದಷ್ಟು ಆಡಿದೀವಿ."