ಪಟ್ಟಿಯಲ್ಲಿಲ್ಲದ ವಾಸನೆ

ನಮ್ಮ ವೈನ್ ಕ್ಲಬ್ ತಿಂಗಳಿಗೊಂದು ಭಾನುವಾರ ಚಿಕ್ಕಬಳ್ಳಾಪುರದ ಹೋಟೆಲೊಂದರ ಮಹಡಿಯಲ್ಲಿ ಸೇರುತ್ತದೆ. ಪ್ರತಿ ಸಲವೂ ಹೊಸದೊಂದು ಕೆಂಪು ವೈನ್. ಗ್ಲಾಸು ಮೂಸಿ, ಯಾವ ವಾಸನೆ ಇದೆ ಎಂದು ಚೀಟಿಯಲ್ಲಿ ಬರೆಯಬೇಕು. ತೋಚದವರಿಗೆಂದು ಒಂದು ಪಟ್ಟಿಯನ್ನೂ ಕೊಡುತ್ತಾರೆ. ಐದು ತಿಂಗಳು ನಾನು ಅದನ್ನು ನೋಡಿಕೊಂಡು 'ಚೆರ್ರಿ' ಎಂದೇ ಬರೆದೆ. ನಾನು ತಿಂದಿರುವ ಚೆರ್ರಿ ಬೇಕರಿ ಕೇಕಿನ ಮೇಲಿನದು ಮಾತ್ರ.

ಆರನೇ ತಿಂಗಳು, ಇನ್ನು ಸುಳ್ಳು ಬರೆಯುವುದಿಲ್ಲ ಎಂದು ನಿರ್ಧರಿಸಿಯೇ ಹೋದೆ. 'ಒದ್ದೆ ಗೋಣಿಚೀಲದಲ್ಲಿಟ್ಟ ಹಿಪ್ಪುನೇರಳೆ ಸೊಪ್ಪು' ಎಂದು ಬರೆದುಕೊಟ್ಟೆ.

ಕ್ಲಬ್ ನಡೆಸುವ ಮೇಡಂ ಓದಿ, "ಇದು ಪಟ್ಟೀಲಿಲ್ವಲ್ಲ ಸರ್" ಎಂದರು.

"ವೈನಲ್ಲಿದೆ ಮೇಡಂ."

"ಚೆರ್ರಿ ಅಂತ ಹಾಕ್ಕೊಳ್ಲಾ?"

"ಬೇಡ. ಎರಡು ನಿಮಿಷ ಇರಿ, ಬರ್ತೀನಿ."

ಮನೆಯ ರೇಷ್ಮೆಹುಳುಗಳಿಗೆ ಸೊಪ್ಪು ಸಾಲದೆ, ಪರಿಚಯದವರ ತೋಟದಿಂದ ಒಂದು ಚೀಲ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೆ. ಅದನ್ನು ಹೊತ್ತು ಮೇಲೆ ತಂದು, ಬಿಳಿ ಬಟ್ಟೆ ಹಾಸಿದ ಮೇಜಿನ ಪಕ್ಕದಲ್ಲೇ ಬಾಯಿ ಬಿಚ್ಚಿದೆ. ಯಾರೋ ಕುರ್ಚಿ ಹಿಂದೆ ಸರಿಸಿದರು. ಮೇಡಂ ಬಗ್ಗಿ ಚೀಲ ಮೂಸಿದರು, ಗ್ಲಾಸು ಮೂಸಿದರು, ಮತ್ತೆ ಚೀಲ ಮೂಸಿದರು. ಆಮೇಲೆ ಪೆನ್ನು ತೆಗೆದು ಪಟ್ಟಿಯ ಕೊನೆಗೆ ನನ್ನ ಸಾಲನ್ನು ಸೇರಿಸಿಕೊಂಡರು.

ಅದೇ ಹುರುಪಿನಲ್ಲಿ ಬಸ್ಸು ಹತ್ತಿ ನಮ್ಮೂರು ಸಾದಲಿಗೆ ಬಂದು, ಚೀಲದೊಂದಿಗೆ ನೇರ ಹುಳುಮನೆಗೆ ನಡೆದೆ. ಬಾಗಿಲಲ್ಲಿ ಹೆಂಡತಿ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಲ್ಲಿ. ಹುಳಕ್ಕೆ ಈ ವಾಸನೆ ಆಗಲ್ಲ. ಮೊದ್ಲು ಸ್ನಾನ ಮಾಡ್ಕೊಂಡ್ ಬನ್ನಿ."

"ಯಾವ ವಾಸನೆ?" ಎಂದೆ, ಸ್ವಲ್ಪ ಆಸೆಯಿಂದಲೇ.

"ಹೆಂಡದ್ದು."

ಅವಳಿಗೆ ಪಟ್ಟಿಯೂ ಬೇಕಾಗಲಿಲ್ಲ, ಗ್ಲಾಸೂ ಬೇಕಾಗಲಿಲ್ಲ.